ಕಿತ್ತಳೆ ಬಣ್ಣದ ಪುಡಿ

ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿ ವಿದ್ಯಾಶ್ರೀ ಬಾಗಿಲಿಗೆ ಓಡಿದಳು.

“ಮಾವ, ಬಾಗಿಲು ತೆಗೀರಿ!”

“ಸುಮ್ನೆ ಒಳಗಿರಮ್ಮ,” ಎಂದರು ಗಂಗಾಧರಪ್ಪ. ಆಮೇಲೆ ಕೆಳಗಿದ್ದ ಮಗನಿಗೆ ಕೇಳುವಂತೆ ಕೂಗಿದರು: “ಯೋಗರಾಜಾ, ಇವಳ ಫೋನೂ ಕಿತ್ಕೊಂಡಿದೀನಿ. ಇನ್ನು ಯಾರಿಗೆ ದೂರು ಕೊಡ್ತಾಳೋ ನೋಡೋಣ!”

ಸವಳಂಗ ರಸ್ತೆಯಲ್ಲಿ ಕೆಳಗೆ ಸಿಹಿತಿಂಡಿ ಅಂಗಡಿ, ಮೇಲೆ ಮನೆ. ಅಂಗಡಿ ಶುರು ಮಾಡಿದವರು ಗಂಗಾಧರಪ್ಪ. ಈಗ ನಡೆಸುವವನು ಅವಳ ಗಂಡ ಯೋಗರಾಜ್. ಜಹಾಂಗೀರ್‌ಗೆ ಅವನು ಬೆರೆಸುವ ಕಿತ್ತಳೆ ಪುಡಿಯ ಪೊಟ್ಟಣದ ಮೇಲೆ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಅದನ್ನು ತಿಂದಾಗಲೆಲ್ಲ ಮಗಳು ಅಕ್ಷರಾಳ ಮೈತುಂಬ ದದ್ದು ಏಳುತ್ತಿತ್ತು. ಕಳೆದ ಬಾರಿ ಉಸಿರೂ ಕಟ್ಟಿತು. ಕೆಲವು ಮಕ್ಕಳಿಗೆ ಕೃತಕ ಬಣ್ಣ ಆಗಿಬರುವುದಿಲ್ಲ, ಇದಂತೂ ತಿನ್ನುವ ಬಣ್ಣವೋ ಅಲ್ಲವೋ ಅದೇ ಅನುಮಾನ ಎಂದಿದ್ದರು ಡಾಕ್ಟರು.

“ಬಣ್ಣ ಇಲ್ದಿದ್ರೆ ಯಾರು ತಗೋತಾರೆ ಮಾರಾಯ್ತಿ?” ಇದು ಯೋಗರಾಜನ ಉತ್ತರ.

ನಿಲ್ಲಿಸದಿದ್ದರೆ ಆಹಾರ ಇಲಾಖೆಗೆ ದೂರು ಕೊಡುವುದಾಗಿ ನಿನ್ನೆ ಅವಳು ಹೇಳಿಯೇಬಿಟ್ಟಳು. ಅವನು ಕೈಯೆತ್ತಿದ. ಮಾವ ನಡುವೆ ಬಂದರು, ಆದರೆ ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ. ಸಂಜೆ ಅವಳನ್ನು ಕೇಳದೆಯೇ ಮಗುವನ್ನು ಭದ್ರಾವತಿಯ ಅವಳ ತವರಿಗೆ ಬಿಟ್ಟು ಬಂದರು. ಈಗ ಇದು.

ಅವಳು ಕಿಟಕಿಯ ಸರಳು ಹಿಡಿದು ಕೂಗಿದಳು. ವಾಹನಗಳ ಗದ್ದಲದಲ್ಲಿ ಯಾರೂ ತಲೆಯೆತ್ತಲಿಲ್ಲ.

ಮಧ್ಯಾಹ್ನ ಸರ್ಕಾರಿ ಜೀಪೊಂದು ಅಂಗಡಿಯ ಮುಂದೆ ನಿಂತಿತು. ಅಧಿಕಾರಿಗಳು ಪುಡಿಯ ಪೊಟ್ಟಣಗಳನ್ನೂ ಜಹಾಂಗೀರನ್ನೂ ಸೀಲ್ ಮಾಡಿ ಒಯ್ದರು. ಷಟರ್ ಎಳೆದ ಸದ್ದು. ಹಿಂದೆಯೇ ಮೆಟ್ಟಿಲ ಮೇಲೆ ದಡದಡ ಹೆಜ್ಜೆ.

“ಇವಳದೇ ಕೆಲಸ! ಬಾಗಿಲು ತೆಗಿ ಅಪ್ಪಾ!”

ವಿದ್ಯಾಶ್ರೀ ಗೋಡೆಗೆ ಒತ್ತಿಕೊಂಡಳು. ಹೊರಹೋಗಲು ಬೇರೆ ದಾರಿ ಇರಲಿಲ್ಲ.

“ಅವಳು ಹೆಂಗೋ ಹೇಳ್ತಾಳೆ? ಬೆಳಿಗ್ಗೆಯಿಂದ ಕೂಡಿ ಹಾಕಿದೀನಿ, ನೀನೇ ನೋಡಿದೀಯಲ್ಲ. ಫೋನ್ ನನ್ನ ಜೇಬಲ್ಲಿದೆ. ಮೊದ್ಲು ಹೋಗಿ ಲಾಯರನ್ನ ನೋಡು.”

ಯೋಗರಾಜ್ ಗೊಣಗುತ್ತ ಇಳಿದುಹೋದ. ಅವನ ಬೈಕಿನ ಸದ್ದು ಅಡಗಿದ ಮೇಲೆ ಚಿಲಕ ಸರಿಯಿತು. ಗಂಗಾಧರಪ್ಪ ಒಳಗೆ ಬಂದು ತಮ್ಮದೇ ಮೊಬೈಲನ್ನು ಸೊಸೆಯ ಮುಂದೆ ಹಿಡಿದರು.

“ಬೆಳಿಗ್ಗೆ ಆಹಾರ ಇಲಾಖೆಯೋರಿಗೆ ಮಾಡಿದ ಕಾಲ್ ಇದ್ರಲ್ಲೇ ಉಳ್ಕೊಂಡಿದೆಯಮ್ಮ. ನಂಗೆ ಅಳ್ಸೋಕೆ ಬರಲ್ಲ.”