ತಡಸಲು ಬಿಲ್ಲು

ಬೆಳಗಿನಿಂದ ಜಡೆಯ ಎಂಬ ಮುದುಕ ಅಂಗಳದಲ್ಲಿ ಕೂತು, ಕಾಡಿನಿಂದ ಕಡಿದು ತಂದ ತಡಸಲು ಮರದ ಕೊಂಬೆಯನ್ನು ಹೆರೆದು ಬೇಟೆಯ ಬಿಲ್ಲು ಮಾಡುತ್ತಿದ್ದ. ಸೊಸೆ ಕೇತಮ್ಮನ ಜೊತೆ ಮಾತೇ ಇಲ್ಲ. ದಿನವೂ ಬಡಿಯುತ್ತಿದ್ದ ಗಂಡನನ್ನು, ಈ ಮುದುಕನ ಒಬ್ಬನೇ ಮಗನನ್ನು, ಪೊಲೀಸರಿಗೆ ಹಿಡಿದುಕೊಟ್ಟವಳು ಅವಳು. ಇಂದು ಅವನು ಜೈಲಿನಿಂದ ಮನೆಗೆ ಬರುವವನಿದ್ದ.

ಹೆದೆ ಬಿಗಿದು ಮುಗಿಸಿದ ಮಾವ ಅವಳತ್ತ ತಿರುಗಿದ. "ಬಾ ಇಲ್ಲಿ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ತಪ್ಪಾಯ್ತು ಮಾವ. ತವರಿಗೆ ಹೊಂಟೋಯ್ತೀನಿ, ನನ್ನ ಬುಟ್ಬುಡಿ."

"ಕೈ ಚಾಚು."

ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಚಾಚಿದಳು. ಮಾವ ಬಿಲ್ಲನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಎಳೆಯೋ ಶಕ್ತಿ ನಂಗಿಲ್ಲ ಕಣವ್ವ. ಅವ್ನು ಇನ್ನೊಂದ್ಸಲ ಕೈ ಎತ್ತುದ್ರೆ ಹೊಡಿ, ನನ್ ಮಗ ಅಂತ ನೋಡ್ಬ್ಯಾಡ."