ಮಾತಿನ ಬೀಗ

ಕುಬಾತ್ ಕೆಲಸದಿಂದ ಬಂದವನೇ ಬೂಟು ಕಳಚಿ, ನೇರ ಹೋಗಿ ಟಿವಿಯ ಬೆನ್ನು ಮುಟ್ಟಿ ನೋಡಿದ. ತಣ್ಣಗಿತ್ತು. ಕಳ್ಳ ಸಿಗದ ಪೊಲೀಸಿನವನ ಹಾಗೆ ಅವನಿಗೆ ಒಂದಿಷ್ಟು ಬೇಸರವೂ ಆಯಿತು.

ಹೆಂಡತಿ ಚಿನಾರ ಆಗಷ್ಟೇ ಒದ್ದೆ ಬಟ್ಟೆಯಿಂದ ಟಿವಿ ಒರೆಸಿ ಪಕ್ಕಕ್ಕೆ ಸರಿದಿದ್ದಳು.

"ಹಾಕದ ಟಿವೀನ ದಿನಾ ಯಾಕೆ ಒರೆಸೋದು?"

"ಹಾಕದೇ ಇದ್ರೆ ಧೂಳು ಕೂರುತ್ತಲ್ಲ," ಎಂದಳು ಅವಳು.

ನಾರಿನ್ ಪಟ್ಟಣದ ಶಾಲೆಯಲ್ಲಿ ಪೋಷಕರ ಸಮಿತಿಗೆ ಅಧ್ಯಕ್ಷರ ಆಯ್ಕೆಯಿತ್ತು. 'ಮಕ್ಕಳಿಗೆ ಪರದೆಯಿಂದ ಬಿಡುಗಡೆ' ಎಂದು ಸಭೆಯಲ್ಲಿ ಭಾಷಣ ಬಿಗಿದವನು ಕುಬಾತ್. ಆ ಕುರ್ಚಿಯ ಮೇಲೆ ಅವನಿಗೆ ಪ್ರಾಣ. ಶುಕ್ರವಾರ ಮುಖ್ಯೋಪಾಧ್ಯಾಯ ಶೇರಾಲಿ ಊಟಕ್ಕೆ ಬರುವವರಿದ್ದರು. ಅವರು ಮನೆ ಮೆಚ್ಚಿದರೆ ಕುರ್ಚಿ ಇವನದೇ.

ಅದಕ್ಕೇ ಟಿವಿಗೆ ಮಾತಿನ ಬೀಗ ಹಾಕಿಸಿದ್ದ. ಒಂದು ಪದ ಹೇಳಿದರೆ ಮಾತ್ರ ಅದು ತೆರೆಯುತ್ತದೆ. ಆರು ವರ್ಷದ ಮಗ ಅಕ್ತಾನ್ ಅತ್ತರೆ ಮೊದಲು ಕರಗುವವರು ಹೆಂಗಸರು ತಾನೆ? "ನೀವಿಬ್ರೂ ಸತ್ರೂ ಬಾಯಲ್ಲಿ ತರದ ಪದ ಇಟ್ಟಿದ್ದೀನಿ," ಎಂದು ತಾಯಿಗೂ ಹೆಂಡತಿಗೂ ಸಾರಿಬಿಟ್ಟಿದ್ದ.

ತಾಯಿ ತುರ್ಸುನ್ ಗೊಣಗಲೇ ಇಲ್ಲ. "ಒಳ್ಳೇದಾಯ್ತು ಬಿಡು. ಆ ಹೊತ್ತಲ್ಲಿ ಹುಡುಗನಿಗೆ ಏಳು ತಲೆಮಾರಿನ ಹೆಸರು ಕಲಿಸು. ಶೇರಾಲಿ ಕೇಳಿದ್ರೆ ಮಾನ ಹೋಗಬಾರದು."

"ನೀನೇ ಕಲಿಸಮ್ಮ."

"ಈ ಮನೆಗೆ ಸೊಸೆಯಾಗಿ ಬಂದವಳು ಕಣೋ ನಾನು. ಗಂಡನ ಹೆಸರು, ಮಾವನ ಹೆಸರು ಬಾಯಲ್ಲಿ ಹೇಗೆ ತರಲಿ?"

ಕುಬಾತ್‌ಗೆ ಎದೆ ಉಬ್ಬಿತು. ದಿನಾ ಶಾಲೆಯ ದಾರಿಯಲ್ಲಿ ಒಂದೊಂದೇ ಹೆಸರು ಬಾಯಿಪಾಠ ಮಾಡಿಸಿದ. ಅಪ್ಪ, ಅಜ್ಜ, ಮುತ್ತಜ್ಜ. ಮುತ್ತಜ್ಜನ ಹೆಸರು ಬಂದ ದಿನ ತಾಯಿ, "ಸದ್ಯಕ್ಕೆ ಸಾಕು, ಮಗು ದಣಿಯುತ್ತೆ," ಎಂದಳು. ಇವನು ಬಿಡುತ್ತಾನೆಯೇ? ಏಳನ್ನೂ ಕಲಿಸಿದ. ಹುಡುಗನೂ ಎಷ್ಟು ಸುಧಾರಿಸಿದ್ದ ಅಂದರೆ, ಮಧ್ಯಾಹ್ನವೆಲ್ಲ ಅಂಗಳದಲ್ಲೇ ಆಟ.

ಶುಕ್ರವಾರ ಶೇರಾಲಿಯವರನ್ನು ಬಾಗಿಲಿನಿಂದ ದೂರದ ಗೌರವದ ಜಾಗದಲ್ಲಿ ಕೂರಿಸಿದರು. ದೊಡ್ಡ ಅತಿಥಿಗೆ ಸಲ್ಲುವ ಬೇಯಿಸಿದ ಕುರಿಯ ತಲೆ ಅವರ ಮುಂದೆ ಬಂತು.

"ನಮ್ಮನೇಲಿ ಟಿವಿ ಸತ್ತೇಹೋಗಿದೆ ಮೇಷ್ಟ್ರೇ," ಎಂದ ಕುಬಾತ್. "ಆ ಹೊತ್ತಲ್ಲಿ ಹುಡುಗ ಏನು ಕಲಿತಿದ್ದಾನೆ, ನೀವೇ ಕೇಳಿ."

"ಅಂಗಳಕ್ಕೆ ಕರ್ಕೊಂಡು ಹೋಗಿ ಹೇಳಿಸು, ಇಲ್ಲಿ ಒಲೆಯ ಧಗೆ," ಎಂದಳು ತಾಯಿ.

"ಇಲ್ಲೇ ಹೇಳ್ಲಿ ಬಿಡಮ್ಮ."

ಅಕ್ತಾನ್ ಅಭ್ಯಾಸಬಲದಿಂದ ಟಿವಿಯ ಕಡೆ ಮುಖಮಾಡಿ ನಿಂತ. ಅಪ್ಪ ನಗುತ್ತಾ ಅವನ ಭುಜ ಹಿಡಿದು ಅತಿಥಿಯತ್ತ ತಿರುಗಿಸಿದ.

"ನನ್ನಪ್ಪ ಕುಬಾತ್. ಅವರಪ್ಪ ಸಾತ್ಕಿನ್. ಅವರಪ್ಪ ಬೋರೊನ್‌ಬಾಯ್."

ಟಿವಿ ಬೆಳಗಿತು. ಕುರ್ಚಿಯ ಗುಂಗಿನಲ್ಲಿ ಕುಬಾತ್ ತಾನೇ ಇಟ್ಟ ಬೀಗದ ಪದವನ್ನು ಮರೆತಿದ್ದ. ನಿನ್ನೆ ಅರ್ಧಕ್ಕೆ ನಿಂತಿದ್ದ ಧಾರಾವಾಹಿಯ ಮದುಮಗಳು ನಿಂತಲ್ಲಿಂದಲೇ ಅಳು ಮುಂದುವರಿಸಿದಳು.

ಉಳಿದ ನಾಲ್ವರ ಗೋಜಿಗೇ ಹೋಗದೆ ಅಕ್ತಾನ್ ಹೇಳಿದ: "ತೆರೀತು ಅಜ್ಜಿ. ನೀನೂ ಅಮ್ಮನೂ ನೋಡ್ತಿರಿ, ನಾನು ಆಡೋಕೆ ಹೋಗ್ಲಾ?"