ನಾಲ್ಕನೇ ಕ್ಯಾಮೆರಾ

ಸತ್ತವರು ಹನ್ನೊಂದನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಮನೆಗೆ ಬಂದು ಹೋಗುತ್ತಾರೆ. ಬದುಕಿದ್ದಾಗ ಮುಹೂರ್ತ ಮುಗಿದು ಊಟಕ್ಕಷ್ಟೇ ಬರುತ್ತಿದ್ದವರೂ ಇದೊಂದಕ್ಕೆ ತಡಮಾಡುವುದಿಲ್ಲ. ಇರುವುದು ಸೆಕೆಂಡಿನ ನೂರನೇ ಒಂದು ಪಾಲು. ಬರಿಗಣ್ಣಿಗೆ ಕಾಣದು, ಅದಕ್ಕೇ ನಮ್ಮಂಥ ಸ್ಟುಡಿಯೊದವರು.

ತೀರಿಹೋದ ಉಮಾಪತಿಯ ಕುರ್ಚಿಯ ಸುತ್ತ ನಾಲ್ಕು ಹೈಸ್ಪೀಡ್ ಕ್ಯಾಮೆರಾ ನಿಲ್ಲಿಸಿದೆ. ನನ್ನ ದೀಪ ಮಿಂಚಿದೊಡನೆ ಆ ಬೆಳಕಿಗೇ ನಾಲ್ಕೂ ಒಟ್ಟಿಗೆ ಓಡುತ್ತವೆ. ಮೂರೇ ಸೆಕೆಂಡಿಗೆ ಮೆಮೊರಿ ಭರ್ತಿ, ಖಾಲಿ ಮಾಡಲು ನಿಮಿಷಗಳೇ ಬೇಕು.

ಅವನ ತಾಯಿ ಸಾಕಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. "'ಇನ್ ಜನ್ಮದಲ್ಲಿ ನಿನ್ ಮುಖ ನೋಡಲ್ಲ ಕಣಮ್ಮ' ಅಂದು ಹೋದೋನು ಸ್ವಾಮಿ," ಎಂದರು, ಮಗನ ಒರಟು ದನಿಯನ್ನೇ ತೆಗೆದು. "ಕೋಪ ಇಳಿದಿದ್ಯಾ, ಅಷ್ಟು ನೋಡ್ಬೇಕು."

ಹನ್ನೊಂದಕ್ಕೆ ಇನ್ನು ಹತ್ತು ಸೆಕೆಂಡ್. ಸೋದರಮಾವ ಮರಿಯಪ್ಪ, "ಮಗು ಬರೋ ಹೊತ್ನಲ್ಲಿ ಆರತಿ ಇಲ್ದೆ ಹೆಂಗೆ?" ಎಂದು ಕರ್ಪೂರ ಹಚ್ಚಿಬಿಟ್ಟರು!

ಆ ಬೆಳಕಿಗೆ ಮೂರು ಕ್ಯಾಮೆರಾ ಓಡಿ, ತುಂಬಿ, ನಿಂತವು. ಕುರ್ಚಿಯ ಹಿಂದಿನದಕ್ಕೆ ಸಾಕಮ್ಮ ಅಡ್ಡವಿದ್ದರು, ಅದೊಂದು ಉಳಿಯಿತು. ಆರತಿಯನ್ನು ಊದಿ ಆರಿಸಿದೆ. ಸಾಕಮ್ಮನವರನ್ನು ಎಡಕ್ಕೆಳೆದು ದೀಪ ಮಿಂಚಿಸಿದೆ.

ಸಿಕ್ಕಿದ್ದು ಹತ್ತೇ ಚಿತ್ರ. ಮೊದಲನೆಯದರಲ್ಲಿ ಬರೀ ಹಿಂದಲೆ. ಐದನೆಯದರಲ್ಲಿ ಎಡಕಿವಿ. ಹತ್ತನೆಯದರಲ್ಲಿ ಕೆನ್ನೆಯ ಅಂಚು.

"ನನ್ ಕಡೆಗೇ ತಿರುಗ್ತಾವ್ನೆ," ಸಾಕಮ್ಮ ನನ್ನ ತೋಳು ಹಿಡಿದರು. "ಮುಂದಿನ್ದು ಹಾಕಿ ಸ್ವಾಮಿ."

ನಾನು ಮತ್ತೆ ಮೊದಲನೆಯದನ್ನೇ ಹಾಕಿದೆ.